ಮಸಾಯಿ ಮಾರಾ: ರಿಸರ್ವ್ ಒಳಗಾ, ಪಕ್ಕದ ಕನ್ಸರ್ವೆನ್ಸಿಯಲ್ಲಾ?

ನಕ್ಷೆಯಲ್ಲಿ ನೋಡಿದರೆ ಮಸಾಯಿ ಮಾರಾ ಒಂದೇ ಜಾಗ. ಕೀನ್ಯಾದ ನೈಋತ್ಯ ಮೂಲೆ, ಟಾಂಜಾನಿಯಾ ಗಡಿಗೆ ಅಂಟಿಕೊಂಡ ಹಸಿರು ತುಂಡು. ಬುಕ್ ಮಾಡಲು ಕೂತಾಗ ಗೊತ್ತಾಗುತ್ತದೆ, ಅದರಲ್ಲಿ ಎರಡು ಬಗೆ ಇದೆ ಅಂತ. ಒಂದು ಸರ್ಕಾರಿ ರಿಸರ್ವ್, ಸುಮಾರು 1,510 ಚದರ ಕಿಲೋಮೀಟರ್. ಇದರ ಒಡೆತನ ನಾರೋಕ್ ಕೌಂಟಿಯದು. ಇನ್ನೊಂದು, ಅದರ ಉತ್ತರಕ್ಕೂ ಪೂರ್ವಕ್ಕೂ ಹಬ್ಬಿರುವ ಕನ್ಸರ್ವೆನ್ಸಿಗಳು. ಇವು ದನ ಮೇಯಿಸಿ ಬದುಕುವ ಮಸಾಯಿ ಬುಡಕಟ್ಟಿನ ಕುಟುಂಬಗಳ ಸ್ವಂತ ಜಮೀನು. ನೂರಾರು ಮಂದಿ ತಮ್ಮ ತಮ್ಮ ಪಾಲಿನ ನೆಲವನ್ನು ಒಟ್ಟುಗೂಡಿಸಿ ಸಫಾರಿ ಕ್ಯಾಂಪ್‌ಗಳಿಗೆ ಗುತ್ತಿಗೆ ಕೊಟ್ಟಿದ್ದಾರೆ. ಇವೆರಡರ ನಡುವೆ ಬೇಲಿ ಇಲ್ಲ. ಬೆಳಿಗ್ಗೆ ಇಲ್ಲಿದ್ದ ಸಿಂಹ ಸಂಜೆಗೆ ಅಲ್ಲಿರಬಹುದು.

ಪ್ರಾಣಿ ಅವೇ, ಹುಲ್ಲು ಅದೇ, ಜನರೂ ಅವರೇ. ಆದರೂ ಎರಡು ಕಡೆ ಕಳೆಯುವ ದಿನ ಒಂದೇ ತರ ಇರುವುದಿಲ್ಲ. ನಾನು ಮೊದಲು ಹೋಗಿದ್ದು ಬಜೆಟ್ ಗುಂಪಿನ ಜೊತೆ, ರಿಸರ್ವ್‌ಗೆ. ಆಮೇಲೆ ಇನ್ನೊಂದು ವರ್ಷ ಅಮ್ಮನನ್ನು ಕರೆದುಕೊಂಡು ಹೋದಾಗ ಉಳಿದಿದ್ದು ನಬೋಯಿಶೊ ಕನ್ಸರ್ವೆನ್ಸಿಯಲ್ಲಿ. ಎರಡನ್ನೂ ಪಕ್ಕಪಕ್ಕ ಇಟ್ಟು ಬರೆಯುತ್ತಿದ್ದೇನೆ. ಯಾರಿಗೆ ಯಾವುದು ಸರಿ ಅನ್ನುವುದು ಪರ್ಸು, ತಿಂಗಳು ಮತ್ತು ತಾಳ್ಮೆ ಮೂರರ ಮೇಲೂ ನಿಂತಿದೆ.

ಮೊದಲು ದುಡ್ಡಿನ ಮಾತು

ರಿಸರ್ವ್ ಟಿಕೆಟ್ ವಿದೇಶಿಯರಿಗೆ ಜನವರಿಯಿಂದ ಜೂನ್ ತನಕ ದಿನಕ್ಕೆ 100 ಡಾಲರ್. ಜುಲೈಯಿಂದ ಡಿಸೆಂಬರ್ ತನಕ 200 ಡಾಲರ್. 2024ರಿಂದ ಈ ದರ. 200 ಡಾಲರ್ ಅಂದರೆ ತಲೆಗೆ 17 ಸಾವಿರ ರೂಪಾಯಿ ದಾಟುತ್ತದೆ, ಅದೂ ಒಂದು ದಿನಕ್ಕೆ. ಟಿಕೆಟ್ ನಡೆಯುವುದು ಬೆಳಿಗ್ಗೆ 6ರಿಂದ ಸಂಜೆ 6ರವರೆಗೆ. ನೈರೋಬಿಯಿಂದ ಮಧ್ಯಾಹ್ನ ಬಂದು, ಸಂಜೆ ಒಂದು ಸುತ್ತು ಹೊಡೆದರೂ ಪೂರ್ತಿ ದಿನದ ದುಡ್ಡು. ಹಾಗಾಗಿ ಅಗ್ಗದ ಟೂರ್‌ಗಳಲ್ಲಿ ಮೊದಲ ದಿನದ ಸಂಜೆ ಡ್ರೈವ್ ಸದ್ದಿಲ್ಲದೆ ಮಾಯವಾಗುತ್ತದೆ. ಬುಕ್ ಮಾಡುವ ಮುಂಚೆ ಅದನ್ನು ಕೇಳಿಕೊಳ್ಳಿ.

ಕನ್ಸರ್ವೆನ್ಸಿಯಲ್ಲಿ ಲೆಕ್ಕ ಬೇರೆ. ಅಲ್ಲಿ ಸುಮ್ನೆ ಗೇಟಿಗೆ ಹೋಗಿ ಟಿಕೆಟ್ ಕೊಂಡು ಒಳಗೆ ನುಗ್ಗುವಂತಿಲ್ಲ. ಅಲ್ಲಿನ ಕ್ಯಾಂಪ್‌ನಲ್ಲಿ ಉಳಿದವರಿಗೆ ಮಾತ್ರ ಪ್ರವೇಶ. ಸಾಧಾರಣ ಕ್ಯಾಂಪ್ ಕೂಡ ಒಬ್ಬರಿಗೆ ಒಂದು ರಾತ್ರಿಗೆ 300–400 ಡಾಲರ್ ಕೇಳುತ್ತದೆ. ಐಷಾರಾಮಿ ಬೇಕು ಅಂದರೆ ಸಾವಿರ ದಾಟುತ್ತದೆ. ಆದರೆ ಅದರಲ್ಲಿ ಊಟ, ಬೆಳಿಗ್ಗೆ-ಸಂಜೆ ಡ್ರೈವ್, ಗಾಡಿ, ಗೈಡ್ ಎಲ್ಲ ಸೇರಿರುತ್ತದೆ. ಕನ್ಸರ್ವೆನ್ಸಿ ಫೀ ಎಷ್ಟೋ ಕಡೆ ಸೇರಿರುತ್ತದೆ, ಕೆಲವು ಕಡೆ ಬೇರೆ. ಅಲ್ಲಿಂದ ರಿಸರ್ವ್‌ಗೆ ಒಂದು ದಿನ ಹೋಗಬೇಕು ಅಂದರೆ ಮಾತ್ರ ಅಲ್ಲಿನ ಟಿಕೆಟ್ ಮೇಲಿಂದ ಕೊಡಬೇಕು.

ಜುಲೈ ನಂತರ ಹೋಗುವವರು ಒಮ್ಮೆ ಕೂಡಿಸಿ ನೋಡಿ. ಹೊರಗಿನ ಅಗ್ಗದ ಲಾಡ್ಜ್, ಗಾಡಿ ಬಾಡಿಗೆ, ದಿನಕ್ಕೆ 200ರ ಟಿಕೆಟ್ ಎಲ್ಲ ಸೇರಿದರೆ ಬಜೆಟ್ ಟೂರ್ ಅಷ್ಟೊಂದು ಬಜೆಟ್ ಅನ್ನಿಸುವುದಿಲ್ಲ. ಗುಂಪಿನಲ್ಲಿ ಆರೇಳು ಮಂದಿ ಹಂಚಿಕೊಂಡರೆ ಮಾತ್ರ ರಿಸರ್ವ್ ನಿಜಕ್ಕೂ ಅಗ್ಗ.

ಪ್ರಾಣಿ ನೋಡುವುದು

ಕಬಿನಿಯಲ್ಲಿ ಪೊದೆಯ ಸಂದಿಯಲ್ಲಿ ಹುಲಿಯ ಬಾಲ ಕಂಡರೂ ಮನೆಗೆ ಫೋನ್ ಮಾಡುವವರು ನಾವು. ಮಾರಾದಲ್ಲಿ ಆ ಬರಗಾಲ ಇಲ್ಲ. ಬಯಲು. ಮೊಣಕಾಲೆತ್ತರದ ಹುಲ್ಲು, ಅಲ್ಲೊಂದು ಇಲ್ಲೊಂದು ಅಕೇಶಿಯಾ. ಗೇಟು ದಾಟಿದ ಹತ್ತು ನಿಮಿಷಕ್ಕೆ ಜೀಬ್ರಾ, ಜಿರಾಫೆ, ಕಾಡೆಮ್ಮೆ, ಟೋಪಿ ಅನ್ನುವ ಜಿಂಕೆ ಜಾತಿಯ ಪ್ರಾಣಿ ಎಲ್ಲ ಸಾಲಾಗಿ ಸಿಗುತ್ತವೆ. ಈ ಟೋಪಿಗಳು ಗೆದ್ದಲು ಹುತ್ತದ ಮೇಲೆ ಹತ್ತಿ ನಿಂತು ಕಾವಲು ಕಾಯುವುದನ್ನು ನೋಡಲು ಎಷ್ಟು ಹೊತ್ತು ಬೇಕಾದರೂ ಕೂರಬಹುದು. ಹಾಗಾಗಿ 'ಎಲ್ಲಿ ಪ್ರಾಣಿ ಜಾಸ್ತಿ ಕಾಣುತ್ತದೆ' ಅನ್ನುವ ಪ್ರಶ್ನೆಗೆ ಹೆಚ್ಚು ಅರ್ಥವಿಲ್ಲ. ಎರಡೂ ಕಡೆ ಕಾಣುತ್ತದೆ. ಯಾರ ಜೊತೆ, ಎಷ್ಟು ಜನರ ನಡುವೆ, ಎಷ್ಟು ಹೊತ್ತು ನೋಡುತ್ತೀರಿ ಅನ್ನುವುದರಲ್ಲಿ ವ್ಯತ್ಯಾಸ.

ರಿಸರ್ವ್‌ನಲ್ಲಿ ನಮ್ಮದು ಮೇಲ್ಛಾವಣಿ ಎತ್ತುವ ವ್ಯಾನ್. ನಿಂತು ತಲೆ ಹೊರಗೆ ಹಾಕಿ ನೋಡಬೇಕು. ಡ್ರೈವರ್ ಬಳಿ ರೇಡಿಯೋ. ಅದರಲ್ಲಿ ಸ್ವಾಹಿಲಿ ಮಾತು ಸುರಿಯುತ್ತಲೇ ಇರುತ್ತದೆ. ಎಲ್ಲೋ ಒಂದು ಚೀತಾ ಕಂಡರೆ ಸಾಕು, ಎಲ್ಲ ದಿಕ್ಕಿನಿಂದ ಧೂಳು ಏಳುತ್ತದೆ. ನಮ್ಮ ವ್ಯಾನ್ ತಲುಪುವ ಹೊತ್ತಿಗೆ ಆ ಚೀತಾ ಸುತ್ತ ಇಪ್ಪತ್ತಕ್ಕೂ ಹೆಚ್ಚು ಗಾಡಿ. ಅದು ಬೇಟೆಗೆ ಹೊಂಚು ಹಾಕಿತ್ತೋ, ಸುಮ್ಮನೆ ಕೂತಿತ್ತೋ, ಯಾರಿಗೂ ಗೊತ್ತಾಗಲಿಲ್ಲ. ಎದ್ದು ಹೊರಟರೆ ಎದುರಿಗೆ ಇನ್ನೊಂದು ಗಾಡಿ. ಒಂದು ಪ್ರಾಣಿಯ ಬಳಿ ಐದೇ ಗಾಡಿ, ಬೇರೆಯವರು ಕಾಯುತ್ತಿದ್ದರೆ ಹತ್ತೇ ನಿಮಿಷ ಅನ್ನುವ ನಿಯಮ ರಿಸರ್ವ್‌ನಲ್ಲೂ ಇದೆ. ಸೀಸನ್‌ನಲ್ಲಿ ಅದನ್ನು ಪಾಲಿಸಿದ್ದನ್ನು ನಾನಂತೂ ನೋಡಲಿಲ್ಲ.

ಡ್ರೈವರ್‌ಗಳನ್ನೇ ಬೈದು ಪ್ರಯೋಜನವಿಲ್ಲ. ಹಿಂದೆ ಕೂತ ನಾವೇ 'ಇನ್ನೂ ಹತ್ತಿರ, ಇನ್ನೂ ಹತ್ತಿರ' ಅನ್ನುತ್ತೇವೆ. ಟಿಪ್ಸ್ ಕೊಡುವುದೂ ನಾವೇ ಅಲ್ವಾ.

ನಬೋಯಿಶೊದಲ್ಲಿ ಐದು ಗಾಡಿಯ ನಿಯಮ ನಿಜಕ್ಕೂ ನಡೆಯುತ್ತದೆ. ಒಂದು ಸಂಜೆ ಸಿಂಹಗಳು ವಿಲ್ಡೆಬೀಸ್ಟ್ (ದನದ ಹಾಗೆ ಕಾಣುವ, ಹಿಂಡಿನಲ್ಲಿ ಓಡಾಡುವ ದೊಡ್ಡ ಹುಲ್ಲೆ) ಕೆಡವಿವೆ ಅಂತ ಸುದ್ದಿ ಬಂತು. ನಮ್ಮದು ಆರನೇ ಗಾಡಿ. ಗೈಡ್ ದೂರದ ದಿಬ್ಬದ ಮೇಲೆ ನಿಲ್ಲಿಸಿ ಕಾದ. ಅಲ್ಲಿಂದ ಒಂದು ಗಾಡಿ ಹೊರಟ ಮೇಲೆ ನಮ್ಮ ಗಾಡಿ ದಿಬ್ಬ ಇಳಿಯಿತು. ಕನ್ಸರ್ವೆನ್ಸಿಯಲ್ಲಿ ದಾರಿ ಬಿಟ್ಟು ಹುಲ್ಲಿನ ಮೇಲೆ ಓಡಿಸಲು ಅನುಮತಿ ಇದೆ, ಹಾಗಾಗಿ ಪಕ್ಕಕ್ಕೇ ಹೋಗಿ ಎಂಜಿನ್ ಆಫ್ ಮಾಡಿದ. ಕಿಟಕಿ ಇಲ್ಲದ ತೆರೆದ ಲ್ಯಾಂಡ್ ಕ್ರೂಸರ್. ಎಂಜಿನ್ ನಿಂತ ಮೇಲೆ ಮೊದಲು ಕೇಳಿದ್ದು ಪಕ್ಕೆಲುಬು ಮುರಿಯುವ ಸದ್ದು. ಆಮೇಲೆ ವಾಸನೆ. ಮರಿಗಳು ಹೊಟ್ಟೆಯೊಳಗೆ ತಲೆ ತೂರಿಸಿ ಕೆಂಪಾಗಿ ಹೊರಗೆ ಬರುತ್ತಿದ್ದವು. ಒಂದು ಹೆಣ್ಣುಸಿಂಹ ನಮ್ಮ ಚಕ್ರದ ನೆರಳಿಗೆ ಬಂದು ಒರಗಿತು. ಅಮ್ಮ ನನ್ನ ತೋಳು ಬಿಗಿಯಾಗಿ ಹಿಡಿದುಕೊಂಡು, 'ಉಸಿರಾಡಬಹುದೇನೋ ಕೇಳು' ಅಂದರು. ಅರ್ಧ ಗಂಟೆಗೂ ಮಿಕ್ಕಿ ಅಲ್ಲೇ ಇದ್ದೆವು. ಯಾರೂ ನಮ್ಮನ್ನು ಎಬ್ಬಿಸಲಿಲ್ಲ.

ಒಂದು ದಿನಕ್ಕೆ ನೋಡಿದ ಪ್ರಾಣಿಗಳ ಪಟ್ಟಿ ಮಾಡಿದರೆ ರಿಸರ್ವ್‌ನ ಪಟ್ಟಿಯೇ ಉದ್ದ. ನೀರಾನೆ, ಮೊಸಳೆ, ಆನೆ, ಅದೃಷ್ಟ ಇದ್ದರೆ ಘೇಂಡಾಮೃಗ. ದೊಡ್ಡ ನದಿ ಇರುವುದು ಆ ಕಡೆ. ನೆನಪಿನಲ್ಲಿ ಉಳಿದಿದ್ದನ್ನು ಎಣಿಸಿದರೆ ನನಗೆ ಕನ್ಸರ್ವೆನ್ಸಿಯದೇ ಜಾಸ್ತಿ.

ಒಂದು ವಿಷಯಕ್ಕೆ ಮಾತ್ರ ರಿಸರ್ವ್‌ಗೆ ಸಾಟಿ ಇಲ್ಲ. ಅದು ಮಾರಾ ನದಿ ದಾಟುವ ವಿಲ್ಡೆಬೀಸ್ಟ್ ಹಿಂಡು. ಹತ್ತು ಲಕ್ಷಕ್ಕೂ ಹೆಚ್ಚು ಅಂತ ಹೇಳುತ್ತ ಬಂದಿರುವ ಈ ಪ್ರಾಣಿಗಳು ಹುಲ್ಲು ಹುಡುಕುತ್ತ ಟಾಂಜಾನಿಯಾದ ಸೆರೆಂಗೆಟಿಯಿಂದ ಬರುತ್ತವೆ. ಸಾಮಾನ್ಯವಾಗಿ ಜುಲೈಯಿಂದ ಅಕ್ಟೋಬರ್ ತನಕ ಮಾರಾ ಕಡೆ ಇರುತ್ತವೆ. ದಡದಲ್ಲಿ ಸಾವಿರಗಟ್ಟಲೆ ಸೇರುತ್ತವೆ. ಮುಂದಿನದು ನೀರಿನ ಅಂಚಿಗೆ ಹೋಗುತ್ತದೆ, ಮೂಸುತ್ತದೆ, ಹಿಂದೆ ತಿರುಗುತ್ತದೆ. ಇಡೀ ಹಿಂಡು ಹಿಂದೆ. ಮತ್ತೆ ಮುಂದೆ. ಬಿಸಿಲಲ್ಲಿ ಮೂರು ಗಂಟೆ ಇದನ್ನೇ ನೋಡುತ್ತ ಕೂರಬೇಕಾಗಬಹುದು. ಕೊನೆಗೆ ಎಲ್ಲವೂ ತಿರುಗಿ ಹೋಗಿಬಿಡಬಹುದು. ನಮಗೆ ದಾಟುವುದು ಸಿಕ್ಕಿತು. ಒಂದು ಧುಮುಕಿದ್ದೇ ತಡ, ಪೊದೆ ಹಿಂದೆ ಕಾಯುತ್ತಿದ್ದ ವ್ಯಾನ್‌ಗಳೆಲ್ಲ ಒಟ್ಟಿಗೆ ಸ್ಟಾರ್ಟ್ ಆಗಿ ದಡಕ್ಕೆ ನುಗ್ಗಿದವು. ಆ ಗದ್ದಲ ನನಗೆ ಹಿಡಿಸಲಿಲ್ಲ. ಆದರೆ ನದಿಯಲ್ಲಿ ನಡೆಯುತ್ತಿದ್ದುದರಿಂದ ಕಣ್ಣು ತೆಗೆಯಲೂ ಆಗಲಿಲ್ಲ. ಕೆಸರು ನೀರು, ಗೊರಸಿನ ಸದ್ದು, ತಾಯಿ-ಮರಿ ತಪ್ಪಿ ಕೂಗುವ ದನಿ, ಎದುರು ದಡದ ಕಡಿದಾದ ಮಣ್ಣಿನಲ್ಲಿ ಜಾರಿ ಜಾರಿ ಬೀಳುವ ಪ್ರಾಣಿಗಳು.

ಟಿವಿಯಲ್ಲಿ ತೋರಿಸುವುದು ಮೊಸಳೆಯನ್ನು. ಆದರೆ ಅಲ್ಲಿ ಹೆಚ್ಚು ಸಾಯುವುದು ಮುಳುಗಿ, ತುಳಿತಕ್ಕೆ ಸಿಕ್ಕಿ. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನ, ವರ್ಷಕ್ಕೆ ಸರಾಸರಿ 6 ಸಾವಿರಕ್ಕೂ ಹೆಚ್ಚು ವಿಲ್ಡೆಬೀಸ್ಟ್ ಈ ನದಿಯಲ್ಲಿ ಮುಳುಗಿ ಸಾಯುತ್ತವೆ ಅಂತ ಲೆಕ್ಕ ಹಾಕಿತ್ತು. ಆ ಹೆಣಗಳೇ ಮೀನಿಗೆ, ರಣಹದ್ದಿಗೆ, ಮರಬೂ ಕೊಕ್ಕರೆಗೆ ತಿಂಗಳುಗಟ್ಟಲೆ ಆಹಾರ. ಕೆಳದಂಡೆಯಲ್ಲಿ ಗಾಳಿ ಬೀಸಿದ ಕಡೆ ನಿಂತರೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ಕನ್ಸರ್ವೆನ್ಸಿಯ ಕೈಯಲ್ಲಿ ಇದಕ್ಕೆ ಎದುರಾಗಿ ಎರಡು ಇಸ್ಪೀಟು ಎಲೆ ಇವೆ. ರಾತ್ರಿ ಡ್ರೈವ್ ಮತ್ತು ಕಾಲ್ನಡಿಗೆ. ರಿಸರ್ವ್‌ನಲ್ಲಿ ಇವೆರಡಕ್ಕೂ ಅನುಮತಿ ಇಲ್ಲ. ರಾತ್ರಿ ಡ್ರೈವ್ ಬಗ್ಗೆ ಚಿಕ್ಕದಾಗಿ ಹೇಳುವುದಾದರೆ, ಚಳಿ ಜಾಸ್ತಿ, ಪ್ರಾಣಿ ಕಡಿಮೆ. ಕೆಂಪು ಬೆಳಕಿನಲ್ಲಿ ಎರಡು ಕಣ್ಣು ಹೊಳೆದವು ಅಂದುಕೊಳ್ಳುವಷ್ಟರಲ್ಲಿ ಮುಗಿಯುತ್ತದೆ. ಎರಡೇ ಕಾಲಲ್ಲಿ ಕುಪ್ಪಳಿಸುವ ಸ್ಪ್ರಿಂಗ್‌ಹೇರ್ ಒಂದನ್ನು ಬಿಟ್ಟರೆ ನನಗೆ ಅಂಥದ್ದೇನೂ ಅನ್ನಿಸಲಿಲ್ಲ. ಅಮ್ಮ ನಿದ್ದೆ ಮಾಡಿದರು.

ನಡಿಗೆ ಮಾತ್ರ ಬೇರೆಯೇ. ಗಾಡಿಯಲ್ಲಿ ಕೂತಾಗ ಮಾರಾ ಒಂದು ದೊಡ್ಡ ಬಯಲು. ಇಳಿದು ನಡೆದರೆ ಅದು ಸಗಣಿ, ಮುಳ್ಳು, ಹೆಜ್ಜೆ, ಇರುವೆ. ಗೈಡ್ ಒಂದು ಗಿಡ್ಡ ಅಕೇಶಿಯಾ ಮುಂದೆ ನಿಂತ. ಅದರ ಮುಳ್ಳಿನ ಬುಡದಲ್ಲಿ ಕಪ್ಪು ಗಂಟು, ಗಂಟಿನಲ್ಲಿ ಸಣ್ಣ ತೂತು. ಬೆರಳಿನಿಂದ ತಟ್ಟಿದ. ತೂತಿನಿಂದ ಇರುವೆಗಳು ಸಾಲಾಗಿ ಹೊರಬಂದು ಅವನ ಉಗುರು ಕಚ್ಚಿದವು. ಜಿರಾಫೆ ಈ ಗಿಡವನ್ನು ತಿನ್ನಲು ಬಂದರೆ ಅದರ ನಾಲಿಗೆಗೂ ಇದೇ ಪೂಜೆ. ಗಾಳಿ ಬೀಸಿದಾಗ ಆ ತೂತುಗಳಿಂದ ಸಿಳ್ಳೆ ಬರುತ್ತದೆ. ಇನ್ನೊಂದು ಕಡೆ ಲೆಲೆಶ್ವಾ ಅನ್ನುವ ಬೂದು ಎಲೆಯ ಪೊದೆ. ಎಲೆ ಹಿಸುಕಿ ಕೊಟ್ಟ, ಕರ್ಪೂರದ ಘಮ. ಹುಡುಗರು ಇದನ್ನು ಕಂಕುಳಲ್ಲಿ ಇಟ್ಟುಕೊಳ್ಳುತ್ತಾರಂತೆ. ದೂರದಲ್ಲಿ ಕಾಡೆಮ್ಮೆ ಕಂಡ ಕೂಡಲೇ ಅವನ ಮಾತು ನಿಂತಿತು, ಗಾಳಿ ಯಾವ ಕಡೆಗೆ ಅಂತ ನೋಡಿದ, ನಮ್ಮನ್ನು ಸುತ್ತು ಹಾಕಿಸಿ ಬೇರೆ ದಾರಿಯಲ್ಲಿ ಕರೆದೊಯ್ದ. ಸಿಂಹದ ಬಗ್ಗೆ ತಮಾಷೆ ಮಾಡುತ್ತಿದ್ದವನು ಕಾಡೆಮ್ಮೆ ಬಗ್ಗೆ ಮಾಡಲಿಲ್ಲ.

ಗೇಟಿನ ಹಳ್ಳಿ, ಗೈಡ್‌ನ ಹಟ್ಟಿ

ಹೆಚ್ಚಿನ ಟೂರ್‌ಗಳಲ್ಲಿ 'ಮಸಾಯಿ ಹಳ್ಳಿ ಭೇಟಿ' ಅಂತ ಒಂದು ಐಟಂ ಇರುತ್ತದೆ. ಪ್ರಾಣಿಗಳ ಜೊತೆ ಸಂಸ್ಕೃತಿಯೂ ಒಂದೇ ದಿನದಲ್ಲಿ ಮುಗಿಯಲಿ ಅಂತ. ರಿಸರ್ವ್‌ಗೆ ಹೋದಾಗ ನಾವೂ ಹೋದೆವು. ಗೇಟಿನ ಹತ್ತಿರದ ಹಳ್ಳಿ. ತಲೆಗೆ 20 ಡಾಲರ್, ನಗದು. ಯಾವ ಹಳ್ಳಿ ಅಂತ ಆರಿಸಿದ್ದು ಡ್ರೈವರ್. ಇಂಥ ಕಡೆ ಡ್ರೈವರ್‌ಗೂ ಪಾಲು ಹೋಗುವುದು ಅಲ್ಲಿ ಗುಟ್ಟೇನಲ್ಲ.

ಶುಕಾ ಅನ್ನುವ ಕೆಂಪು ಬಟ್ಟೆ ಹೊದ್ದ ಯುವಕರು ಸಾಲಾಗಿ ಬಂದು ಹಾಡಿದರು. ಆಮೇಲೆ ಜಿಗಿತ. ಒಬ್ಬೊಬ್ಬರೇ ಮುಂದೆ ಬಂದು, ಮೊಣಕಾಲು ಮಡಿಸದೆ, ಹಿಮ್ಮಡಿ ನೆಲಕ್ಕೆ ತಾಗಿಸದೆ, ಕೋಲಿನ ಹಾಗೆ ನೆಟ್ಟಗೆ ಮೇಲೇಳುತ್ತಾರೆ. ನಮ್ಮವರನ್ನೂ ಎಳೆದರು. ನಾವು ಹಾರಿದ್ದನ್ನು ವಿಡಿಯೋದಲ್ಲಿ ನೋಡುವ ಧೈರ್ಯ ಯಾರಿಗೂ ಇಲ್ಲ. ನಂತರ ಬೆಂಕಿ. ಮೆದು ಮರದ ಹಲಗೆಯ ಕೆಳಗೆ ಚಾಕು ಇಟ್ಟು, ಅದರ ಕುಳಿಯಲ್ಲಿ ಗಟ್ಟಿ ಕಡ್ಡಿ ನಿಲ್ಲಿಸಿ, ಇಬ್ಬರು ಸರದಿಯಲ್ಲಿ ಅಂಗೈಯಿಂದ ಹೊಸೆದರು. ಕಪ್ಪು ಪುಡಿ ಚಾಕುವಿನ ಮೇಲೆ ಉದುರಿತು, ಹೊಗೆಯಾಯಿತು, ಒಣ ಸಗಣಿಗೆ ಸುರಿದು ಊದಿದಾಗ ಹೊತ್ತಿಕೊಂಡಿತು. ಇದು ನಿಜವಾದ ಕೈಚಳಕ, ನಾಟಕ ಅಲ್ಲ. ಬೆಂಕಿ ಹೊತ್ತಿಸಿದ ಹುಡುಗನ ಸೊಂಟದಲ್ಲಿ ಫೋನ್ ಇತ್ತು. ಅದಕ್ಕೆ ಎಂ-ಪೆಸಾ ಮೆಸೇಜ್ ಬಂದ ಸದ್ದು. ಕೀನ್ಯಾದಲ್ಲಿ 2007ರಿಂದಲೇ ಫೋನ್‌ನಲ್ಲಿ ದುಡ್ಡು ಕಳಿಸುತ್ತಾರೆ, ನಮ್ಮ ಯುಪಿಐಗಿಂತ ಎಷ್ಟೋ ಮೊದಲು. ಅದನ್ನು ನೋಡಿ ನಮ್ಮ ಗುಂಪಿನ ಒಬ್ಬರು 'ಎಲ್ಲ ಫೇಕ್' ಅಂದರು. ಪಂಚೆ ಉಟ್ಟವರ ಕೈಯಲ್ಲಿ ಸ್ಮಾರ್ಟ್‌ಫೋನ್ ಇದ್ದರೆ ಅವರು ಫೇಕ್ ಆಗುತ್ತಾರಾ?

ನನಗೆ ಬೇಸರವಾಗಿದ್ದು ಆಮೇಲೆ. ಮನೆ ತೋರಿಸಿದ್ದು ಐದು ನಿಮಿಷ. ಅಲ್ಲಿಂದ ಹಿಂಭಾಗಕ್ಕೆ ಕರೆದುಕೊಂಡು ಹೋದರು. ಸುತ್ತಲೂ ಮಣಿಸರ, ಮರದ ಗೊಂಬೆ ಹರಡಿದ ಅಂಗಡಿಗಳು. ಪ್ರತಿಯೊಬ್ಬ ಅತಿಥಿಗೂ ಒಬ್ಬ 'ಗೆಳೆಯ' ಅಂಟಿಕೊಂಡ. ಒಂದು ಬಳೆಗೆ 40 ಡಾಲರ್ ಅಂದ. ಬೇಡ ಅಂದೆ. 30, 20, ಕೊನೆಗೆ 10. ಅಷ್ಟರಲ್ಲಿ ಆ ಬಳೆ ಮಾಡಿದ ಹೆಂಗಸು ಮೂಲೆಯಲ್ಲಿ ಮಗು ಎತ್ತಿಕೊಂಡು ಸುಮ್ಮನೆ ನಿಂತಿದ್ದಳು. ನನ್ನ 10 ಡಾಲರ್‌ನಲ್ಲಿ ಅವಳಿಗೆ ಎಷ್ಟು ಅಂತ ಕೇಳಿದೆ. 'ಎಲ್ಲ ಶಾಲೆಗೆ' ಅನ್ನುವ ಉತ್ತರ ಬಂತು. ಅಲ್ಲಿಗೆ ಮಾತು ಮುಗಿಯಿತು.

ಕನ್ಸರ್ವೆನ್ಸಿಯಲ್ಲಿ ಇದೇ ಅನುಭವ ಬೇರೆ ದಾರಿಯಿಂದ ಬಂತು. ಅಲ್ಲಿನ ಗೈಡ್‌ಗಳು ಹೆಚ್ಚಿನವರು ಅಕ್ಕಪಕ್ಕದ ಮಸಾಯಿಗಳೇ. 2005ರಲ್ಲಿ ಶುರುವಾದ ಕೊಯಾಕಿ ಗೈಡಿಂಗ್ ಶಾಲೆ ಅಲ್ಲೇ ಇದೆ. ಎಷ್ಟೋ ಮಂದಿ ಅಲ್ಲಿ ಕಲಿತು ಬಂದವರು. ನಮ್ಮ ಗೈಡ್ ಬೆಳಿಗ್ಗೆಯಿಂದ ಸಂಜೆಯವರೆಗೆ ಜೊತೆಗಿದ್ದ. ಅವನ ಮಾತೇ ಅರ್ಧ ಸಂಸ್ಕೃತಿ ಪರಿಚಯ. ಎಳೆಯ ಯೋಧರ ಕಾಲ ಮುಗಿಯುವಾಗ ನಡೆಯುವ ಯುನೋಟೋ ಸಮಾರಂಭದಲ್ಲಿ ತಾಯಿಯೇ ಮಗನ ಉದ್ದ ಕೂದಲು ಬೋಳಿಸುತ್ತಾಳೆ. ಅದನ್ನು ಹೇಳುವಾಗ ತನ್ನ ನುಣ್ಣನೆಯ ತಲೆ ಸವರಿಕೊಂಡು ನಕ್ಕ. ಈ ಸಮಾರಂಭ ಮತ್ತು ಅದರ ಹಿಂದು-ಮುಂದಿನ ಎರಡು ಸಂಸ್ಕಾರಗಳನ್ನು 2018ರಲ್ಲಿ ಯುನೆಸ್ಕೋ, ತುರ್ತಾಗಿ ಉಳಿಸಿಕೊಳ್ಳಬೇಕಾದ ಪರಂಪರೆಗಳ ಪಟ್ಟಿಗೆ ಸೇರಿಸಿತು. ಅವನ ಅಜ್ಜನ ಕಾಲದಲ್ಲಿ ಹುಡುಗರು ಈಟಿ ಹಿಡಿದು ಸಿಂಹದ ಬೇಟೆಗೆ ಹೋಗುತ್ತಿದ್ದರಂತೆ. ಕೀನ್ಯಾದಲ್ಲಿ ಬೇಟೆ ನಿಷೇಧವಾಗಿದ್ದು 1977ರಲ್ಲಿ. ಈಗ ಸಿಂಹ ಕಾಣಿಸಿದರೆ ಅವನ ಮನೆ ನಡೆಯುತ್ತದೆ. ಆದರೆ ದನ ಹಿಡಿದ ಸಿಂಹದ ಮೇಲೆ ಸಿಟ್ಟು ಇಲ್ಲವಾ ಅಂತ ಕೇಳಿದ್ದಕ್ಕೆ, 'ನಿಮ್ಮ ಮನೆಗೆ ನುಗ್ಗಿದರೆ ನಿಮಗೆ ಬರಲ್ವಾ?' ಅಂದ.

ಅವನ ದೊಡ್ಡಮ್ಮನ ಮನೆಗೆ ಕರೆದುಕೊಂಡು ಹೋದ. ಹಾಡು, ಜಿಗಿತ ಏನೂ ಇಲ್ಲ. ಸುತ್ತ ಮುಳ್ಳಿನ ಬೇಲಿ, ನಡುವೆ ರಾತ್ರಿ ದನ ಕೂಡುವ ಜಾಗ, ಅಂಚಿನಲ್ಲಿ ಗಿಡ್ಡ ಮನೆಗಳು. ನಮ್ಮ ಶಿರಾ ಕಡೆಯ ಹಳೇ ಗೊಲ್ಲರಹಟ್ಟಿ ನೋಡಿದವರಿಗೆ ಇದು ಹೊಸದಲ್ಲ. ಅಮ್ಮ ಒಳಗೆ ಕಾಲಿಡುವ ಮೊದಲೇ, 'ಇದು ಹಟ್ಟಿ ಕಣೋ' ಅಂದುಬಿಟ್ಟರು. ಸಣ್ಣ ಮಕ್ಕಳು ಓಡಿ ಬಂದು ಅಮ್ಮನ ಮುಂದೆ ತಲೆ ಬಗ್ಗಿಸಿ ನಿಂತವು. ಹಿರಿಯರು ತಲೆ ಮುಟ್ಟಬೇಕು, ಅದೇ ಅಲ್ಲಿನ ನಮಸ್ಕಾರ. ಇದನ್ನು ಅಮ್ಮನಿಗೆ ಯಾರೂ ವಿವರಿಸಬೇಕಾಗಲಿಲ್ಲ.

ಮನೆ ಕಟ್ಟುವುದು ಹೆಂಗಸರ ಕೆಲಸ. ಕೋಲು ನೆಟ್ಟು, ಹೆಣೆದು, ಮಣ್ಣು-ಸಗಣಿ ಮೆತ್ತುತ್ತಾರೆ. ಮಳೆಗಾಲದ ಮುಂಚೆ ಚಾವಣಿಗೆ ಮತ್ತೆ ಸಗಣಿ. ಒಳಗೆ ಬಾಗಿ ಹೋಗಬೇಕು. ಅಂಗೈಯಗಲದ ಕಿಂಡಿ ಒಂದೇ, ಕಣ್ಣು ಹೊಂದಿಕೊಳ್ಳಲು ಒಂದೆರಡು ನಿಮಿಷ ಬೇಕು. ಒಂದು ಪಕ್ಕ ಎಳೆಗರುಗಳಿಗೆ ಜಾಗ. ಆ ದೊಡ್ಡಮ್ಮ ಸೋರೆಬುರುಡೆ ತೊಳೆಯುತ್ತಿದ್ದರು. ಕಾಡು ಆಲಿವ್ ಮರದ ಕಡ್ಡಿಯ ತುದಿ ಸುಟ್ಟು, ಕೆಂಡ ಇರುವಾಗಲೇ ಬುರುಡೆಯೊಳಗೆ ಹಾಕಿ ಉಜ್ಜುತ್ತಾರೆ. ಬುರುಡೆ ಶುದ್ಧವಾಗುತ್ತದೆ, ಹಾಲು ಬೇಗ ಕೆಡುವುದಿಲ್ಲ. ಆ ಹಾಲಿನ ಟೀ ಕೊಟ್ಟರು. ಹೊಗೆಯ ರುಚಿ, ಸಕ್ಕರೆ ವಿಪರೀತ. ನನಗೆ ಇಷ್ಟವಾಯಿತು.

ಅಮ್ಮ, 'ಹಸು ದಿನಕ್ಕೆ ಎಷ್ಟು ಲೀಟರ್ ಕೊಡುತ್ತೆ ಕೇಳೋ' ಅಂದರು. ಗೈಡ್ ಅನುವಾದಿಸಿದ. ಕರುವಿಗೆ ಬಿಟ್ಟು ಉಳಿದಿದ್ದು ಒಂದೆರಡು ಲೀಟರ್ ಅಷ್ಟೇ ಅಂತ ಉತ್ತರ ಬಂತು. ಅಮ್ಮ ನಮ್ಮೂರ ಡೇರಿ ಹಸುಗಳ ಲೆಕ್ಕ ಹೇಳಿದಾಗ ಆ ದೊಡ್ಡಮ್ಮ ನಂಬಲಿಲ್ಲ. ಅಷ್ಟು ಹಾಲು ಕೊಡುವ ಹಸು ಬರಗಾಲದಲ್ಲಿ ನಡೆಯುತ್ತದಾ ಅಂತ ಕೇಳಿದರು. ಅಮ್ಮನ ಹತ್ತಿರ ಅದಕ್ಕೆ ಉತ್ತರ ಇರಲಿಲ್ಲ. ಇಬ್ಬರೂ ಮೇವಿನ ಕಷ್ಟ ಹೇಳಿಕೊಳ್ಳುತ್ತ ಕೂತರು. ನಾನೂ ಗೈಡ್ ಇಬ್ಬರೂ ದುಭಾಷಿಗಳಾದೆವು. ಹೊರಡುವಾಗ ಮಣಿಸರ ತೋರಿಸಿದರು. ಬೆಲೆ ಒಂದೇ, ಚೌಕಾಸಿ ಇಲ್ಲ. ದುಡ್ಡು ಅವರ ಕೈಗೇ.

ಇದು ಕೂಡ ದುಡ್ಡಿನ ವ್ಯವಹಾರವೇ. ಕ್ಯಾಂಪ್ ಅವರಿಗೆ ಭೇಟಿಯ ಹಣ ಕೊಡುತ್ತದೆ. ಆದರೆ ಎರಡು ಗುಂಪು ಒಟ್ಟಿಗೆ ಹೋಗುವುದಿಲ್ಲ, ದಿನಾ ಹೋಗುವುದೂ ಇಲ್ಲ. ಆ ಮನೆಯವರು ಬೇಡ ಅಂದರೆ ಬೇಡ.

ನೆಲ ಯಾರದು

ಈ ಎರಡು ಭೇಟಿಗಳ ವ್ಯತ್ಯಾಸ ಜನರ ಒಳ್ಳೆತನದಿಂದ ಬಂದಿದ್ದಲ್ಲ. ನೆಲದ ಲೆಕ್ಕದಿಂದ ಬಂದಿದ್ದು. ರಿಸರ್ವ್‌ನ ಟಿಕೆಟ್ ಹಣ ಕೌಂಟಿಗೆ ಹೋಗುತ್ತದೆ. ಗೇಟಿನ ಹೊರಗಿನ ಹಳ್ಳಿಗೆ ನೇರವಾಗಿ ಸಿಗುವುದು ಬಾಗಿಲಿಗೆ ಬಂದ ಪ್ರವಾಸಿಯ ಪರ್ಸು ಮಾತ್ರ. ಅರ್ಧ ಗಂಟೆಯಲ್ಲಿ ಎಷ್ಟು ಸಿಕ್ಕರೆ ಅಷ್ಟು. ಎಳೆದಾಡದೆ ಇನ್ನೇನು ಮಾಡುತ್ತಾರೆ?

ಕನ್ಸರ್ವೆನ್ಸಿಯಲ್ಲಿ ಭೂಮಾಲೀಕರಿಗೆ ತಿಂಗಳು ತಿಂಗಳು ಬಾಡಿಗೆ ಬರುತ್ತದೆ, ಪ್ರವಾಸಿ ಬರಲಿ ಬಿಡಲಿ. ನಬೋಯಿಶೊ ಶುರುವಾಗಿದ್ದು 2010ರಲ್ಲಿ. ಐನೂರಕ್ಕೂ ಹೆಚ್ಚು ಭೂಮಾಲೀಕರು, ಸುಮಾರು 50 ಸಾವಿರ ಎಕರೆ. 350 ಎಕರೆಗೆ ಒಂದೇ ಟೆಂಟ್ ಅನ್ನುವ ಮಿತಿ ಇದೆ. ಗಾಡಿ ಕಡಿಮೆ ಇರುವುದರ ಗುಟ್ಟು ಇದೇ. ದನ ಮೇಯಿಸಲು ಕೂಡ ಸರದಿ ಇದೆ. ಕೆಲವು ಭಾಗ ಬಿಟ್ಟು ಕೆಲವು ಭಾಗಕ್ಕೆ ಹೊಡೆಯುತ್ತಾರೆ. ಜೀಬ್ರಾ ಫೋಟೋದಲ್ಲಿ ದನ ಬಂತು ಅಂತ ಮುಖ ಸಿಂಡರಿಸುವ ಅತಿಥಿಗಳೂ ಇದ್ದಾರೆ. ಅಂಥವರು ರಿಸರ್ವ್‌ಗೆ ಹೋಗುವುದೇ ಒಳ್ಳೆಯದು.

ಇದೇನು ಸ್ವರ್ಗವಲ್ಲ. ಜಮೀನಿನ ಪತ್ರ ಬಹುಪಾಲು ಗಂಡಸರ ಹೆಸರಲ್ಲಿದೆ. ಬಾಡಿಗೆಯೂ ಅವರಿಗೇ. ಜಮೀನು ಇಲ್ಲದವರಿಗೆ ಸಿಗುವುದು ಕಡಿಮೆ. ಕನ್ಸರ್ವೆನ್ಸಿ ಮಾಡುವಾಗ ಒಳಗಿದ್ದ ಮನೆಗಳು ಅಂಚಿಗೆ ಸರಿಯಬೇಕಾಯಿತು. 2020ರಲ್ಲಿ ಕೋವಿಡ್‌ನಿಂದ ಪ್ರವಾಸಿಗರು ನಿಂತಾಗ ಬಾಡಿಗೆ ಕೊಡುವುದಕ್ಕೂ ಕುತ್ತು ಬಂತು. ಆದರೂ ನಮ್ಮ ಕಡೆ ಕಾಡಿನವರನ್ನು ಹೊರಗೆ ಕಳಿಸಿಯೇ ಕಾಡು ಉಳಿಸುತ್ತೇವೆ ಅನ್ನುವುದು ರೂಢಿ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಅರಣ್ಯ ಹಕ್ಕು ಸಿಗಲು 2011 ಬರಬೇಕಾಯಿತು. ಅದನ್ನು ನೆನೆದರೆ, ಇಲ್ಲಿ ಮಸಾಯಿಗಳು ಮಾಲೀಕರಾಗಿ ಕೂತು ಬಾಡಿಗೆ ಎಣಿಸುವುದು ನನಗೆ ಸಮಾಧಾನದ ವಿಷಯ.

ಉಳಿದ ಸಣ್ಣಪುಟ್ಟದ್ದು

ಮೂರನೆಯ ಆಯ್ಕೆಯೂ ಒಂದಿದೆ, ಮಾರಾ ಟ್ರಯಾಂಗಲ್. ನದಿಯ ಪಶ್ಚಿಮಕ್ಕೆ, ಓಲೋಲೋಲೋ ಬೆಟ್ಟಸಾಲಿನ ಬುಡದಲ್ಲಿ. ಇದೂ ರಿಸರ್ವ್‌ನ ಭಾಗವೇ. ಆದರೆ 2001ರಿಂದ ಲಾಭಕ್ಕಲ್ಲದ ಒಂದು ಸಂಸ್ಥೆ ನಿರ್ವಹಿಸುತ್ತಿದೆ. ದಾರಿ ಚೆನ್ನಾಗಿದೆ, ರೇಂಜರ್‌ಗಳು ಬಿಗಿ, ಗಾಡಿ ಕಡಿಮೆ. ನೈರೋಬಿಯಿಂದ ಸುತ್ತು ಜಾಸ್ತಿ ಅನ್ನುವುದೊಂದೇ ತಕರಾರು. ಕ್ರಾಸಿಂಗ್ ನೋಡಬೇಕು, ಗದ್ದಲ ಬೇಡ ಅನ್ನುವವರು ಈ ಕಡೆ ನೋಡಿ.

ನೈರೋಬಿಯಿಂದ ಸೆಕೆನಾನಿ ಗೇಟಿಗೆ ರಸ್ತೆಯಲ್ಲಿ ಐದಾರು ಗಂಟೆ. ಈಗ ಗೇಟಿನವರೆಗೂ ಟಾರು. ದಾರಿಯಲ್ಲಿ ರಿಫ್ಟ್ ಕಣಿವೆಯ ನೋಟ ಸಿಗುತ್ತದೆ, ಹಗಲಲ್ಲೇ ಹೋಗಿ. ಹಾರಿ ಹೋಗುವುದಾದರೆ ವಿಲ್ಸನ್ ವಿಮಾನ ನಿಲ್ದಾಣದಿಂದ ಮುಕ್ಕಾಲು ಗಂಟೆ. ಸಣ್ಣ ವಿಮಾನ, 15 ಕೆಜಿ ಮಾತ್ರ, ಅದೂ ಮೆತ್ತನೆಯ ಬ್ಯಾಗ್. ಗಟ್ಟಿ ಸೂಟ್‌ಕೇಸ್ ನಡೆಯುವುದಿಲ್ಲ. ಊಟಕ್ಕೆ ಭಯ ಬೇಡ. ಚಪಾತಿ, ಹುರುಳಿಕಾಯಿ, ಸೊಪ್ಪಿನ ಪಲ್ಯ ಎಲ್ಲ ಕಡೆ ಸಿಗುತ್ತದೆ. ಸಸ್ಯಾಹಾರ ಅಂತ ಮುಂಚೆ ಹೇಳಿದರೆ ಕ್ಯಾಂಪ್‌ನವರು ಬೇಳೆಸಾರು ಕೂಡ ಮಾಡುತ್ತಾರೆ. ಮಾರಾ ಇರುವುದು ಸಮುದ್ರಮಟ್ಟದಿಂದ 1,500 ಮೀಟರ್‌ಗೂ ಎತ್ತರದಲ್ಲಿ. ಬೆಳಗಿನ ತೆರೆದ ಗಾಡಿಯಲ್ಲಿ ಸ್ವೆಟರ್ ಇಲ್ಲದೆ ಆಗುವುದಿಲ್ಲ. ಪ್ಲಾಸ್ಟಿಕ್ ಚೀಲ ಒಯ್ಯಬೇಡಿ, 2017ರಿಂದ ನಿಷೇಧ. ಹಳದಿ ಜ್ವರದ ಲಸಿಕೆ ಹೊರಡುವ ಹತ್ತು ದಿನ ಮೊದಲೇ ಆಗಿರಲಿ. ಸರ್ಟಿಫಿಕೇಟ್ ಇಲ್ಲದಿದ್ದರೆ ವಾಪಸು ಬರುವಾಗ ಭಾರತದಲ್ಲಿ ಕ್ವಾರಂಟೈನ್ ಮಾಡುತ್ತಾರೆ.

ಈಗ ಆಯ್ಕೆ. ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಹೋಗುತ್ತೀರಿ, ನದಿ ದಾಟುವುದೇ ಕನಸು ಅಂದರೆ ರಿಸರ್ವ್ ಬಿಟ್ಟು ಬೇರೆ ದಾರಿ ಇಲ್ಲ. ದುಡ್ಡು ಹೊಂದಿದರೆ ಕನ್ಸರ್ವೆನ್ಸಿಯಲ್ಲಿ ಉಳಿದು, ಒಂದೇ ದಿನ ರಿಸರ್ವ್‌ಗೆ ಹೋಗಿ ಬನ್ನಿ. ನನ್ನ ಮಟ್ಟಿಗೆ ಇದೇ ಅತ್ಯುತ್ತಮ. ಕಾಲೇಜಿನ ಗೆಳೆಯರು ಸೇರಿ ಹೋಗುವವರಿಗೆ, ಜನವರಿ-ಫೆಬ್ರವರಿಯಲ್ಲಿ 100 ಡಾಲರ್ ಟಿಕೆಟ್‌ನಲ್ಲಿ ರಿಸರ್ವ್ ಚೆನ್ನಾಗಿಯೇ ಇರುತ್ತದೆ, ಗಾಡಿಗಳೂ ಕಡಿಮೆ. ಗೇಟಿನ ಹಳ್ಳಿಯ ಭೇಟಿಯನ್ನು ಮಾತ್ರ ಬಿಡಿ. ಆ 20 ಡಾಲರ್‌ಗೆ ಮಣಿಕೆಲಸವನ್ನು ಮಾಡಿದ ಹೆಂಗಸರಿಂದಲೇ ಕೊಳ್ಳಿ. ವಯಸ್ಸಾದ ಅಪ್ಪ-ಅಮ್ಮ ಜೊತೆಗಿದ್ದರೆ ಯೋಚನೆಯೇ ಬೇಡ, ಕನ್ಸರ್ವೆನ್ಸಿ. ವ್ಯಾನಿನಲ್ಲಿ ದಿನವಿಡೀ ನಿಂತು ನೋಡುವುದು ಅವರಿಂದ ಆಗದ ಮಾತು. ಬುಕ್ ಮಾಡುವ ಮುಂಚೆ ಕ್ಯಾಂಪ್‌ನವರನ್ನು ಎರಡು ಪ್ರಶ್ನೆ ಕೇಳಿ: ಗೈಡ್ ಅಲ್ಲಿನವರೇನಾ, ಮನೆ ಭೇಟಿಯ ದುಡ್ಡು ಯಾರ ಕೈಗೆ ಹೋಗುತ್ತದೆ. ನೇರ ಉತ್ತರ ಬರದಿದ್ದರೆ ಬೇರೆ ಕ್ಯಾಂಪ್ ನೋಡಿ.

ಏಪ್ರಿಲ್-ಮೇ ಅಲ್ಲಿ ದೊಡ್ಡ ಮಳೆ. ಕೆಲವು ಕ್ಯಾಂಪ್ ಮುಚ್ಚಿರುತ್ತವೆ, ತೆರೆದಿರುವವು ದರ ಚೆನ್ನಾಗಿ ಇಳಿಸುತ್ತವೆ. ಗಾಡಿ ಕೆಸರಿನಲ್ಲಿ ಹೂತುಕೊಳ್ಳುವ ಭಯ ಇದ್ದೇ ಇದೆ. ಆದರೂ ನಾನು ಮುಂದಿನ ಸಲ ಆ ದರಕ್ಕೇ ಹೋಗುವ ಲೆಕ್ಕ ಹಾಕುತ್ತಿದ್ದೇನೆ. ಅಮ್ಮನೂ ಬರುತ್ತಾರಂತೆ, ರಾತ್ರಿ ಡ್ರೈವ್ ಮಾತ್ರ ಬೇಡವಂತೆ.